ಭಾನುವಾರದ ಓದಿಗೆ: ಬೂತಾಯಿ ಮತ್ತು ಮೊಬೈಲ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಾವು ಓದುವುದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರ 2007ರ ಪ್ರಬಂಧ. ಉತ್ತರ ಕೇರಳದ ಮೀನುಗಾರರ ಕೈಗೆ ಮೊಬೈಲ್ ಬಂದ ಮೇಲೆ ಬೂತಾಯಿ (ಸಾರ್ಡೀನ್) ಮೀನಿನ ಬೆಲೆ ಏನಾಯ್ತು ಅನ್ನೋದೇ ವಿಷಯ. ಅದರ ಪಿಡಿಎಫ್ ಅನ್ನು ಮೇಲೆ ಹಾಕಿದ್ದೇನೆ.

ಸಮೀಕರಣ ನೋಡಿ ಹೆದರಬೇಡಿ, ಮೊದಲು ಕಥೆ ಓದಿ. 1997ರ ಜನವರಿಯ ಒಂದು ಬೆಳಿಗ್ಗೆ ವಡಕರದ ದಡದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನೆಲ್ಲಾ ಸುರಿದು ಹೋದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಬೇರೆ ದಡಗಳಲ್ಲಿ ಕೊಳ್ಳಲು ಬಂದ 27 ಜನ ಮೀನು ಸಿಗದೆ ಬರಿಗೈಲಿ ಹೊರಟಿದ್ದರು! ಓದಿ ನನಗೆ ಹೊಟ್ಟೆ ಉರಿಯಿತು.

ಇಲ್ಲಿ ಜಾಣತನ ಇರುವುದು ಹೋಲಿಕೆಯಲ್ಲಿ. ಮೊಬೈಲ್ ಟವರ್ ಒಂದೇ ಸಲ ಎಲ್ಲಾ ಕಡೆ ಬರಲಿಲ್ಲ, ಮೊದಲು 1997ರಲ್ಲಿ ಕೋಝಿಕ್ಕೋಡ್, 1998ರಲ್ಲಿ ಕಣ್ಣೂರು, ಕೊನೆಗೆ 2000ದಲ್ಲಿ ನಮ್ಮ ಕಾಸರಗೋಡು, ಹಾಗಾಗಿ ಫೋನ್ ಬಂದ ದಡವನ್ನು ಇನ್ನೂ ಬಾರದ ದಡದ ಜೊತೆ ಇಟ್ಟು ನೋಡಬಹುದಿತ್ತು. ಸುಮ್ನೆ ಮೊದಲು-ಆಮೇಲೆ ಅಂತ ನೋಡಿದ್ದರೆ ಮಳೆಯದ್ದೋ ಡೀಸೆಲ್‌ದ್ದೋ ಪ್ರಭಾವ ಅಂತ ಅನುಮಾನ ಉಳಿಯುತ್ತಿತ್ತು, ಅಲ್ವಾ? ಫೋನ್ ಬಂದ ಮೇಲೆ ಯಾವ ದಡದಲ್ಲಿ ಕೊಳ್ಳುವವರಿದ್ದಾರೆ ಅಂತ ಕೇಳಿ ಅಲ್ಲಿಗೇ ಹೋಗಬಹುದಾಯ್ತು. ಮೀನುಗಾರರ ಲಾಭ ಸರಾಸರಿ 8% ಏರಿತು, ಕೊಳ್ಳುವವರಿಗೆ ಬೆಲೆ 4% ಇಳಿಯಿತು, ಮೀನು ಎಸೆಯುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ಇನ್ನೊಂದು ಕೆಲಸ ಇದೆ, ನಮ್ಮ ಊರುಗಳ ಬೆಲೆಯನ್ನೂ ಹೀಗೇ ಹೋಲಿಸಿ ನೋಡೋಣ. ಗುರುವಾರ, ಶುಕ್ರವಾರ, ಶನಿವಾರ ಬೆಳಿಗ್ಗೆ 8ಕ್ಕೆ ನಿಮ್ಮೂರಿನ ಟೊಮೆಟೊ ಕಿಲೋ ದರ ಕೇಳಿ ಬರೆದಿಡಿ. ಅಂಗಡಿಯ ಜಾಗವನ್ನೂ ಬರೆಯಿರಿ. ಕೋಲಾರದವರು, ಮೈಸೂರಿನವರು ತಪ್ಪಿಸಬೇಡಿ.