ಮತ್ತೆ ಟ್ಯೂಬಾ ಹಿಡಿಯುವವರಿಗೆ

ಎಲ್ಲರಿಗೂ ನಮಸ್ಕಾರ. 30 ವರ್ಷ ಬಿಟ್ಟು ನಾನು ಮತ್ತೆ ಟ್ಯೂಬಾ (ಹಿತ್ತಾಳೆಯ ದೊಡ್ಡ ಊದುವಾದ್ಯ) ಊದಲು ಶುರು ಮಾಡಿದ್ದೇನೆ. ನಿಮ್ಮಲ್ಲೂ ಕೆಲವರು ಹೀಗೇ ಮರಳುತ್ತಿದ್ದೀರಿ, ಅದಕ್ಕೇ ಈ ಮಾತು.

ಬೆರಳುಗಳಿಗೆ ಬಹಳಷ್ಟು ನೆನಪಿದೆ, ತುಟಿಗಿಲ್ಲ. ತುಟಿಯ ಸುತ್ತಲಿನ ಸ್ನಾಯು ಬೇಗ ಸೋಲುತ್ತದೆ. ಆಗ ಮೌತ್‌ಪೀಸನ್ನು ಮುಖಕ್ಕೆ ಒತ್ತಿ ಊದಬೇಡಿ. ನಿಲ್ಲಿಸಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಊದಿ. ಮೊದಲ ವಾರಗಳಲ್ಲಿ ದಿನಕ್ಕೆ 15 ನಿಮಿಷ ಸಾಕು. ಸುಲಭದ ಸ್ವರಗಳನ್ನೇ ಮೆಲ್ಲಗೆ, ಉದ್ದಕ್ಕೆ ಹಿಡಿಯಿರಿ.

ಬಿ ಫ್ಲ್ಯಾಟ್ ಶ್ರುತಿಯ ದೊಡ್ಡ ಟ್ಯೂಬಾದ ಕೊಳವೆಯೇ ಸುಮಾರು 18 ಅಡಿ, ಅಗಲವೂ ಜಾಸ್ತಿ. ಉಸಿರು ಬೇಗ ಖಾಲಿಯಾಗುತ್ತದೆ ಅಲ್ವಾ? ತಲೆ ಸುತ್ತಿದರೆ ಸುಮ್ನೆ ಕೂತು ಸುಧಾರಿಸಿಕೊಳ್ಳಿ.

ಸಿಕ್ಕಿಕೊಂಡ ಸ್ಲೈಡನ್ನು (ಶ್ರುತಿ ಹೊಂದಿಸಲು ಜಾರಿಸುವ ಕೊಳವೆ) ಜಗ್ಗಬೇಡಿ, ರಿಪೇರಿಯವರಿಗೆ ಕೊಡಿ. ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ವಾಲ್ವ್‌ಗೆ ಎಣ್ಣೆ ಮರೆಯಬೇಡಿ.

ಆ ಕೆಳಗಿನ ಸ್ವರ ಮತ್ತೆ ಎದೆಯಲ್ಲಿ ನಡುಗಿದಾಗ ನನ್ನ ಕಣ್ಣು ತುಂಬಿತು. ನೀವೂ ಶುರು ಮಾಡಿದ ದಿನ ಇಲ್ಲಿ ಬರೆಯಿರಿ.