ಉತ್ತ ಹೊಲಕ್ಕೆ ಕಾಲಿಡದ ಹುಡುಗ

ತುಮಕೂರು

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ನಿನ್ನ ಕತೆ ಓದಿದೆ. ಮೊದಲ ಪುಟ ಮುಗಿಯುವಷ್ಟರಲ್ಲೇ ಹನ್ನೊಂದು ಜನ ಸತ್ತರು. ಮೂರನೇ ಪುಟಕ್ಕೆ ಬರುವಾಗ ನಾನು ಲೆಕ್ಕ ಇಡುವುದನ್ನೇ ಬಿಟ್ಟೆ. ನಿನ್ನ ಹುಡುಗ ಮಧುಗಿರಿ ಕಡೆಯ ಹಳ್ಳಿಯವನು, ಮೀಸೆ ಈಗಷ್ಟೇ ಮೂಡಿದೆ. 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದಲ್ಲಿ, ತೊಲೊಲಿಂಗ್ ಬೆಟ್ಟ ಹತ್ತುತ್ತಾನೆ. ಗುಂಡಿನ ಮಳೆ ನಡುವೆ ನಿಂತು ಅರ್ಧ ಪುಟ ದೇಶದ ಬಗ್ಗೆ ಮಾತಾಡುತ್ತಾನೆ. ಊರಿಗೆ ಬಂದ ಮೇಲೆ ದೀಪಾವಳಿ ಪಟಾಕಿ ಸದ್ದಿಗೆ ಮಂಚದ ಕೆಳಗೆ ಅವಿತುಕೊಳ್ಳುತ್ತಾನೆ. ಕತೆ ಮುಗಿಯಿತು.

ಪಟಾಕಿ ತೆಗೆದುಹಾಕಮ್ಮ. ಅದು ಸುಳ್ಳು ಅಂತಲ್ಲ, ಹಾಗೆ ಆಗುವವರು ಇದ್ದಾರೆ. ಆದರೆ ಯುದ್ಧದಿಂದ ಬಂದ ಹುಡುಗ ಅಂದ ಕೂಡಲೇ ಎಲ್ಲರ ಪೆನ್ನಿಗೂ ಮೊದಲು ಬರುವುದು ಪಟಾಕಿಯೇ. ಓದುವವರು ನಿನಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿರುತ್ತಾರೆ.

ನಿನಗೆ ಬರೆಯುವ ಕೈ ಇದೆ. ಅವನ ಅವ್ವ ಹುರಿಹಿಟ್ಟಿನ ಡಬ್ಬಿ ಬಾಯಿಗೆ ಹಳೇ ಸೀರೆ ತುಂಡು ಬಿಗಿದು ಟ್ರಂಕಿಗೆ ಇಡುವ ಆ ನಾಲ್ಕು ಸಾಲು ಸಾಕು, ಅದು ಗೊತ್ತಾಗುವುದಕ್ಕೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅವನು ಅಲ್ಲಿ ಏನೇನು ನೋಡಿದ ಅಂತ ನೀನು ಬರೆದಿದ್ದೀಯ. ಏನು ಕಲಿತ? ಅದು ಕತೆಯಲ್ಲಿ ಎಲ್ಲೂ ಇಲ್ಲ. ಹೊಸ ಸಿಪಾಯಿಗೆ ಯಾವುದಕ್ಕೆ ಹೆದರಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಬೇಡದ್ದಕ್ಕೆಲ್ಲಾ ಬೆಚ್ಚುತ್ತಾನೆ, ಹೆದರಬೇಕಾದ ಕಡೆ ಎದೆಯುಬ್ಬಿಸಿ ನಿಂತಿರುತ್ತಾನೆ. ಬದುಕಿ ಉಳಿದರೆ ಕಲಿಯುತ್ತಾನೆ. ಹಾಗೆ ಕಲಿತದ್ದನ್ನು ಮೈ ಮರೆಯುವುದಿಲ್ಲ. ಊರಿಗೆ ಬಂದ ಮೇಲೂ ಮೈ ಅದನ್ನೇ ಮಾಡುತ್ತಿರುತ್ತೆ. ಅಲ್ಲಿ ಜೀವ ಉಳಿಸಿದ್ದನ್ನೇ ಇಲ್ಲಿ ಜನ ಹುಚ್ಚು ಅನ್ನುತ್ತಾರೆ. ನಿನ್ನ ಕತೆ ಇರಬೇಕಾದ್ದು ಇಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ರೈಫಲ್ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತೆ. ಹಾಗಾಗಿ ಗುಂಡು ಪಕ್ಕದಲ್ಲಿ ಹಾದುಹೋದಾಗ ಮೊದಲು ಕೇಳಿಸುವುದು ಗಾಳಿ ಸೀಳುವ 'ಚಟ್' ಸದ್ದು. ಬಂದೂಕಿನಿಂದ ಹೊರಟ 'ದಬ್' ಅನ್ನುವ ಸದ್ದು ಆಮೇಲೆ ಬರುತ್ತೆ. ಹಳಬರು ಈ ಎರಡರ ನಡುವಿನ ಅಂತರ ಹಿಡಿದೇ ಶತ್ರು ಎಷ್ಟು ದೂರ ಇದ್ದಾನೆ ಅಂತ ಅಂದಾಜು ಮಾಡುತ್ತಾರೆ. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರುತ್ತಾರೆ. ಆದರೆ ಮೊದಲ ಸಲ ನಿಜವಾದ ಗುಂಡು ಬಂದಾಗ ಪಾಠ ಯಾರಿಗೆ ನೆನಪಿರುತ್ತೆ? ಹುಡುಗ 'ಚಟ್' ಕೇಳಿದ ಕಡೆ ತಿರುಗುತ್ತಾನೆ, ಗುಂಡು ಹಾರಿಸಿದವನು ಇನ್ನೆಲ್ಲೋ ಇರುತ್ತಾನೆ. ಹೀಗೆ ತಪ್ಪು ಕಡೆಗೆ ತಿರುಗಿದ ಒಂದು ತಲೆಯನ್ನು ತೋರಿಸು. ನಿನ್ನ ಹನ್ನೊಂದು ಹೆಣಗಳಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತೆ.

ಕಾರ್ಗಿಲ್ ಬಗ್ಗೆ ಚೆನ್ನಾಗಿಯೇ ಓದಿಕೊಂಡಿದ್ದೀಯ. ಸುಮಾರು 15,000 ಅಡಿ ಎತ್ತರ, ಮರೆಗೆ ಒಂದು ಗಿಡ ಇಲ್ಲದ ಬೋಳು ಇಳಿಜಾರು, ರಾತ್ರಿ ಹೊತ್ತು ಹತ್ತಬೇಕಾದ ಅನಿವಾರ್ಯ, ನಮ್ಮ ಕಡೆ ಸತ್ತ 527 ಸೈನಿಕರು. ಇದೆಲ್ಲಾ ನಿನಗೆ ಗೊತ್ತಿರಬೇಕು, ಹುಡುಗನಿಗೆ ಗೊತ್ತಿರಬಾರದು. ಆ ರಾತ್ರಿ ಅವನಿಗೆ ಗೊತ್ತಿರುವುದು ಮುಂದೆ ಹತ್ತುತ್ತಿರುವವನ ಬೂಟಿನ ಹಿಮ್ಮಡಿ ಮಾತ್ರ. ಬೆಟ್ಟದ ಹೆಸರೂ ಆಮೇಲೆ ಯಾರೋ ಹೇಳಿದ್ದು ಅಂತ ಬೇಕಾದರೆ ಮಾಡು. ಟೈಗರ್ ಹಿಲ್‌ನಲ್ಲಿ ಹೋರಾಡಿ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ 19 ವರ್ಷ. ಅವರ ಕತೆ ಎಲ್ಲರಿಗೂ ಗೊತ್ತು. ನೀನು ಹುಡುಕಬೇಕಾದ್ದು ಅದೇ ವಯಸ್ಸಿನ, ಪದಕ ಸಿಗದ ಇನ್ನೊಬ್ಬನನ್ನು.

ಅಂಥವನು ನಮ್ಮಲ್ಲಿ ಮೊದಲೇ ಒಬ್ಬ ಇದ್ದಾನೆ, ಗೊತ್ತಾ? ಉತ್ತರಕುಮಾರ. ಅಂತಃಪುರದಲ್ಲಿ ಹೆಂಗಸರ ಮುಂದೆ ಕೊಚ್ಚಿಕೊಂಡು ಹೊರಟವನು, ಕೌರವರ ಸೇನೆ ಕಣ್ಣಿಗೆ ಬಿದ್ದ ಕೂಡಲೇ ರಥದಿಂದ ಹಾರಿ ಓಡಿದ. 'ಉತ್ತರನ ಪೌರುಷ ಒಲೆ ಮುಂದೆ' ಅಂತ ಗಾದೆ ಮಾಡಿ ನಗುತ್ತಲೇ ಬಂದಿದ್ದೇವೆ. ಈಗ ಅರ್ಜುನನನ್ನು ನೋಡು. ಕುರುಕ್ಷೇತ್ರದಲ್ಲಿ ಅವನಿಗೂ ಬಾಯಿ ಒಣಗಿತು, ಮೈ ನಡುಗಿತು, ರೋಮ ಎದ್ದು ನಿಂತಿತು, ಗಾಂಡೀವ ಕೈಯಿಂದ ಜಾರಿತು, ಚರ್ಮ ಸುಟ್ಟ ಹಾಗಾಯಿತು. ಗೀತೆಯ ಮೊದಲ ಅಧ್ಯಾಯದಲ್ಲಿ ಒಂದೊಂದನ್ನೂ ಬಿಡಿಸಿ ಹೇಳಿದೆ. ಅದೇ ನಡುಕ ಅರ್ಜುನನಿಗೆ ಬಂದರೆ ವಿಷಾದಯೋಗ, ಉತ್ತರನಿಗೆ ಬಂದರೆ ನಗೆಪಾಟಲು! ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ನಾಟಕ ಕಲಿಯುತ್ತಾರಲ್ಲ, ಅರ್ಜುನನ ಪಾತ್ರಕ್ಕೆ ದುಡ್ಡು ಕಟ್ಟಲು ಪೈಪೋಟಿ ನಡೆಯುತ್ತೆ. ಉತ್ತರಕುಮಾರ ಆಗುತ್ತೇನೆ ಅಂತ ದುಡ್ಡು ಹಿಡಿದು ಬಂದವರನ್ನು ನಾನಂತೂ ಕಂಡಿಲ್ಲ.

ಓಡಿದವನನ್ನು ಅರ್ಜುನ ಹಿಡಿದು ತಂದ ಮೇಲೆ ಏನು ಮಾಡಿದ? ಬೈದು ಬಿಲ್ಲು ಕೊಡಲಿಲ್ಲ. ಕುದುರೆಯ ಲಗಾಮು ಕೊಟ್ಟ. ನಡುಗುವ ಕೈಗೆ ಒಂದು ಕೆಲಸ ಕೊಟ್ಟ. ಪಳಗಿದ ಹವಾಲ್ದಾರರು ಇವತ್ತಿಗೂ ಮಾಡುವುದು ಇದನ್ನೇ: ಹೆದರಿದ ಹುಡುಗನಿಗೆ ಧೈರ್ಯದ ಮಾತು ಹೇಳುವುದಿಲ್ಲ, ಬಂದೂಕಿನ ಮ್ಯಾಗಜೀನಿಗೆ ಗುಂಡು ತುಂಬು, ನೀರಿನ ಕ್ಯಾನ್ ಎತ್ತಿಕೊಂಡು ಬಾ ಅನ್ನುತ್ತಾರೆ. ಆಮೇಲೆ ಕುರುಕ್ಷೇತ್ರದ ಮೊದಲನೇ ದಿನವೇ ಈ ಉತ್ತರ ಆನೆ ಮೇಲೆ ಕೂತು ಶಲ್ಯನ ಎದುರಿಗೆ ಹೋದ, ಅಲ್ಲೇ ಸತ್ತ. ಗಾದೆ ಮಾಡಿದವರಿಗೆ ಅದು ನೆನಪಾಗಲಿಲ್ಲ. ಒಂದು ಸಲ ನಗಿಸಿಕೊಂಡ ಹುಡುಗ ಎರಡನೇ ಸಲ ಹೇಗೆ ಹೋದ, ಏನನ್ನು ತೊಳೆದುಕೊಳ್ಳಲು ಹೋದ? ನನಗೆ ವಯಸ್ಸಿದ್ದರೆ ನಾನೇ ಬರೆಯುತ್ತಿದ್ದೆ.

ಈಗ ನಿನ್ನ ಹುಡುಗನ ವಿಷಯ. ತೊಲೊಲಿಂಗ್ ಹತ್ತಿದ್ದು ಗ್ರೆನೇಡಿಯರ್ಸ್, ರಾಜಪುತಾನಾ ರೈಫಲ್ಸ್ ಥರದ, ಉತ್ತರ ಭಾರತದವರೇ ಹೆಚ್ಚಿರುವ ಪಲ್ಟನ್‌ಗಳು. ನಮ್ಮ ಕಡೆ ಹುಡುಗ ಅಲ್ಲಿಗೆ ಹೇಗೆ ಸೇರಿಕೊಂಡ ಅಂತ ತಿಳಿದವರು ಕೇಳುತ್ತಾರೆ. ಅವನನ್ನು ಬೆಂಗಳೂರಿನ ಹಲಸೂರಿನಲ್ಲಿ ತರಬೇತಿಯಾದ ಮದ್ರಾಸ್ ಸ್ಯಾಪರ್ಸ್‌ನವನನ್ನಾಗಿ ಮಾಡು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ಹೂಳುವುದು, ತೆಗೆಯುವುದು ಅವರ ಕೆಲಸ. ಇನ್ನೊಂದು ಸಲಹೆ, ಬೇಕಾದರೆ ತಗೋ: ಕತೆಯನ್ನು 1999ರಿಂದ 2002ಕ್ಕೆ ತಾ. 2001ರ ಡಿಸೆಂಬರ್ 13ರಂದು ಪಾರ್ಲಿಮೆಂಟ್ ಮೇಲೆ ದಾಳಿ ಆಯಿತಲ್ಲ, ಆಮೇಲೆ ಆಪರೇಷನ್ ಪರಾಕ್ರಮ್ ಅಂತ ಲಕ್ಷಗಟ್ಟಲೆ ಸೈನಿಕರನ್ನು ಗಡಿಗೆ ಕಳಿಸಿದರು. ಮರುವರ್ಷ ಅಕ್ಟೋಬರ್‌ವರೆಗೆ ಅಲ್ಲೇ ನಿಂತಿದ್ದರು. ಯುದ್ಧ ಆಗಲೇ ಇಲ್ಲ. ಆದರೂ ನೂರಾರು ಸೈನಿಕರು ಸತ್ತರು. ಅದರಲ್ಲಿ ನೆಲಬಾಂಬು ಹೂಳುವಾಗ, ತೆಗೆಯುವಾಗ ಸತ್ತವರೂ ಇದ್ದರು. ಆ ಬಾಂಬು ಹೂತಿದ್ದು ಪಂಜಾಬ್, ರಾಜಸ್ಥಾನದ ರೈತರ ಹೊಲಗಳಲ್ಲಿ ಕಣಮ್ಮ. ಮಧುಗಿರಿಯ ರೈತನ ಮಗ ಇನ್ನೊಬ್ಬ ರೈತನ ಹೊಲದಲ್ಲಿ ಸಾಲು ಹಿಡಿದು ಬಾಂಬು ನೆಡುತ್ತಾನೆ. ಇದಕ್ಕಿಂತ ದೊಡ್ಡ ಕತೆ ಬೇಕಾ?

ಈ ಕೆಲಸವನ್ನು ಹತ್ತಿರದಿಂದ ತೋರಿಸು. ಬಾಂಬು ಹುಡುಕುವವನು ಹೊಟ್ಟೆ ಮೇಲೆ ಮಲಗಿ, ಸಣ್ಣ ಸಲಾಕೆಯನ್ನು ಮಣ್ಣಿಗೆ ಓರೆಯಾಗಿ ಚುಚ್ಚುತ್ತಾ ಇಂಚಿಂಚೇ ಮುಂದೆ ಹೋಗುತ್ತಾನೆ. ನೇರ ಚುಚ್ಚಿದರೆ ಸಲಾಕೆ ಬಾಂಬಿನ ನೆತ್ತಿಗೆ ತಾಗುತ್ತೆ, ಸಿಡಿಯುತ್ತೆ. ಓರೆ ಚುಚ್ಚಿದರೆ ಪಕ್ಕಕ್ಕೆ ತಾಗುತ್ತೆ. ಎಲ್ಲೆಲ್ಲಿ ಹೂತಿದೆ ಅಂತ ನಕ್ಷೆ ಇರುತ್ತೆ, ಆದರೆ ಮಳೆಗೆ, ಮರಳಿಗೆ ಬಾಂಬು ಜಾರಿ ಜಾಗ ಬದಲಾಯಿಸುತ್ತೆ. ಹೊಸಬನಿಗೆ ನಕ್ಷೆ ಮೇಲೆ ನಂಬಿಕೆ. ಜೊತೆಯವನೊಬ್ಬ ನಕ್ಷೆ ನಂಬಿ ಕಾಲಿಟ್ಟ ದಿನ ಅವನು ಕಲಿಯುತ್ತಾನೆ: ಕೆದಕಿದ ಮಣ್ಣಿನ ಮೇಲೆ ಕಾಲಿಡಬಾರದು, ಬದುಕಿರುವವರು ನಡೆದ ಹೆಜ್ಜೆ ಮೇಲೇ ನಡೆಯಬೇಕು.

ಈಗ ಅವನನ್ನು ರಜೆ ಮೇಲೆ ಊರಿಗೆ ಕರೆದುಕೊಂಡು ಬಾ. ಮುಂಗಾರು ಬಿದ್ದಿದೆ. ಅಪ್ಪ ರಾಗಿ ಹೊಲ ಉತ್ತು ಹಸನು ಮಾಡಿದ್ದಾನೆ. ಊಟದ ಕ್ಯಾರಿಯರ್ ತಗೊಂಡು ಹೋದ ಮಗ ಬದುವಿನ ಮೇಲೆ ನಿಂತುಬಿಡುತ್ತಾನೆ. ಅಪ್ಪ ಹೊಲದ ನಡುವೆ ಇದ್ದಾನೆ. 'ಬಾರೋ' ಅನ್ನುತ್ತಾನೆ. ಹುಡುಗ ಮಣ್ಣು ನೋಡುತ್ತಾನೆ. ಕಣ್ಣು ಹಾಯಿಸಿದಷ್ಟೂ ಕೆದಕಿದ ಮಣ್ಣು. ಅಪ್ಪನ ಹೆಜ್ಜೆ ಗುರುತು ಹುಡುಕುತ್ತಾನೆ, ಕುಂಟೆ ಹೊಡೆದು ಎಲ್ಲಾ ಅಳಿಸಿಹೋಗಿದೆ. ಬದು ಸುತ್ತಿಕೊಂಡು ಹೋಗಿ, ಅಪ್ಪನಿಗೆ ಹತ್ತಿರವಾಗುವ ಮೂಲೆಯಲ್ಲಿ ಕ್ಯಾರಿಯರ್ ಇಟ್ಟು 'ಇಲ್ಲೇ ಬಂದು ಉಣ್ಣಪ್ಪ' ಅನ್ನುತ್ತಾನೆ. ಅಪ್ಪನಿಗೆ ಅನ್ನಿಸುವುದೇ ಬೇರೆ: ಮಗನಿಗೆ ಬೂಟು ಬಂತು, ಮಣ್ಣು ಬೇಡವಾಯಿತು. ಸಂಜೆ ಅರಳಿಕಟ್ಟೆ ಮೇಲೆ ಅದನ್ನೇ ಹೇಳಿಕೊಳ್ಳುತ್ತಾನೆ. ಈ ಭಾಗದಲ್ಲಿ ಬಾಂಬು ಅನ್ನುವ ಮಾತು ಒಂದೇ ಒಂದು ಸಲವೂ ಬರಬಾರದು. ಇನ್ನು, ಬದುವಿನ ಮೇಲೆ ನಿಂತ ಅಣ್ಣನನ್ನು ನೋಡಿ ಅವನ ತಂಗಿ ಹೊಲಕ್ಕೆ ಅಡ್ಡವಾಗಿ ಓಡಿ ಬಂದರೆ ಅವನು ಏನು ಮಾಡುತ್ತಾನೆ? ಅದು ನೀನೇ ಬರೆಯಬೇಕು.

ಕಾಯಿಲೆಗೆ ಹೆಸರಿಡಲು ಹೋಗಬೇಡ. ನಿನ್ನ ಕೊನೇ ಪುಟದಲ್ಲಿ ಒಬ್ಬ ಡಾಕ್ಟರು ಬಂದು ಎಲ್ಲಾ ವಿವರಿಸುತ್ತಾರೆ, ಪಾಪ, ಅವರನ್ನು ಮನೆಗೆ ಕಳಿಸು. ಮೊದಲ ಮಹಾಯುದ್ಧದಲ್ಲಿ ಇದನ್ನು 'ಶೆಲ್ ಶಾಕ್' ಅಂದರು, 1915ರಲ್ಲಿ ವೈದ್ಯ ಪತ್ರಿಕೆಗೆ ಬಂತು. ಶೆಲ್, ಅಂದರೆ ಫಿರಂಗಿ ಗುಂಡು, ಸಿಡಿದು ಮೆದುಳು ಅದುರಿದೆ ಅಂತ ಮೊದಲು ಅಂದುಕೊಂಡರು. ಶೆಲ್ ಹತ್ತಿರವೂ ಸುಳಿಯದವರಿಗೆ ಬಂದಾಗ ತಬ್ಬಿಬ್ಬಾದರು. ಬ್ರಿಟಿಷರು ಹೇಡಿತನ, ಪಲಾಯನದಂಥ ಆರೋಪ ಹೊರಿಸಿ 306 ಸೈನಿಕರನ್ನು ತಾವೇ ಗುಂಡಿಟ್ಟು ಕೊಂದರು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮನೋರೋಗ, ಅನ್ನುವ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ. ನಿನಗೆ ಇದರಲ್ಲಿ ಬೇಕಾದ್ದು ಒಂದೇ: ಹುಡುಗ ಊರಿಗೆ ಬಂದ ದಿನವೇ ಅದು ಕಾಣಿಸಬೇಕಾಗಿಲ್ಲ. ಆರು ತಿಂಗಳು ಕಳೆದ ಮೇಲೂ ಶುರುವಾಗಬಹುದು. ಅಷ್ಟರಲ್ಲಿ ಮನೆಯವರು 'ನಮ್ಮ ಹುಡುಗ ಚೆನ್ನಾಗೇ ಇದ್ದಾನೆ' ಅಂತ ಹೆಣ್ಣು ನೋಡಿರುತ್ತಾರೆ. ಆಮೇಲೆ ಗಾಳಿ ಮೆಟ್ಟಿದೆ ಅಂತ ತಾಯತ. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗೋಣ ಅಂದವರ ಜೊತೆ ಮಾತು ಬಿಡುತ್ತಾರೆ.

ಊರಿನವರು ಕೇಳುವ ಪ್ರಶ್ನೆ ನಿನಗೂ ಗೊತ್ತು. ಮಿಲಿಟರಿ ಕ್ಯಾಂಟೀನ್ ರಮ್ಮಿನ ಸುತ್ತ ಕೂತು 'ಎಷ್ಟು ಜನರನ್ನ ಹೊಡೆದೆ?' ಅನ್ನುತ್ತಾರೆ. ನಿನ್ನ ಹುಡುಗ ಅದಕ್ಕೆ ಉದ್ದದ ಉತ್ತರ ಕೊಡುತ್ತಾನೆ. ಕೊಡಬಾರದು. ಸಿಪಾಯಿಗಳು ನೇರ ಹೇಳುವವರಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ನಮ್ಮ ಸಿಪಾಯಿಗಳು, ಕಾಗದ ಒಡೆದು ಓದುವ ಅಧಿಕಾರಿಗಳ ಕಣ್ಣು ತಪ್ಪಿಸಲು ಕರಿಮೆಣಸು ಖಾಲಿಯಾಗುತ್ತಿದೆ, ಕೆಂಪು ಮೆಣಸು ಇನ್ನೂ ಇದೆ ಅಂತೆಲ್ಲಾ ಊರಿಗೆ ಬರೆದರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯರು. ನಿನ್ನ ಹುಡುಗನೂ ಏನಾದರೂ ತಮಾಷೆ ಹೇಳಿ ಗ್ಲಾಸ್ ಎತ್ತಲಿ.

ಅವನನ್ನು ಒಳಗೆ ತಿನ್ನುವುದು ಏನು ಅಂತ ನೀನು ಕೇಳಿದ್ದೆ. ಎಷ್ಟೋ ಸಲ ಅದು ಭಯವೂ ಅಲ್ಲ, ದುಃಖವೂ ಅಲ್ಲ. ಪಕ್ಕದವನು ಸಿಡಿದುಹೋದ ಕ್ಷಣ ಇವನಿಗೆ ಮೊದಲು ಆಗಿದ್ದು ಖುಷಿ. ನಾನಲ್ಲ, ಅವನು, ಅನ್ನುವ ಖುಷಿ. ಅರೆ ಗಳಿಗೆ ಅಷ್ಟೇ. ಅವತ್ತು ಬೆಳಿಗ್ಗೆ ಸಾಲಿನಲ್ಲಿ ಯಾರು ಮುಂದೆ ಅನ್ನುವ ಮಾತು ಬಂದಾಗ ಇವನು ಬೂಟಿನ ದಾರ ಕಟ್ಟುವ ನೆಪ ಮಾಡಿ ಒಂದು ಜಾಗ ಹಿಂದೆ ಬಿದ್ದಿರಬಹುದು. ಇದನ್ನು ಅವನು ಅವ್ವನಿಗೂ ಹೇಳಲಾರ, ಕುಡಿದಾಗಲೂ ಹೇಳಲಾರ. ಸತ್ತವನ ಅಪ್ಪನಿಂದ ಒಂದು ಕಾಗದ ಬರಲಿ, 'ನನ್ನ ಮಗ ಕೊನೆಯಲ್ಲಿ ಏನಂದ?' ಅಂತ. ಅದಕ್ಕೆ ಇವನು ಬರೆಯುವ ಉತ್ತರ ಪೂರ್ತಿ ಸುಳ್ಳಾಗಿರಲಿ, ಒಳ್ಳೆಯ ಸುಳ್ಳಾಗಿರಲಿ.

ನಮ್ಮ ಕಡೆ ಹೊಲದಂಚಿನಲ್ಲಿ, ಕೆರೆ ಏರಿ ಮೇಲೆ ನಿಂತಿರುವ ವೀರಗಲ್ಲು ನೋಡಿದ್ದೀಯಲ್ಲ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಬದುಕಿ ಮನೆಗೆ ಬಂದವನಿಗೆ ಅದರಲ್ಲಿ ಜಾಗವೇ ಇಲ್ಲ. ಸತ್ತವನನ್ನು ಏನು ಮಾಡಬೇಕು ಅಂತ ಊರಿಗೆ ಗೊತ್ತಿತ್ತು.

'ನಾನು ಹುಡುಗಿ, ಮಿಲಿಟರಿ ಕಂಡವಳಲ್ಲ, ಬರೆಯಬಹುದಾ?' ಅಂದಿದ್ದೀಯ. ಬರಿ. ಬದುವಿನ ಮೇಲೆ ನಿಂತವನನ್ನು ಮನೆ ಕಡೆಯಿಂದ ನೋಡುವವರು ಬೇಕು, ಅದು ನಿನಗೆ ಬರುತ್ತೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುವ ಮಾಜಿ ಸೈನಿಕರ ಹತ್ತಿರ ಹೋಗಿ ಮಾತಾಡು. ಯುದ್ಧದ ಬಗ್ಗೆ ಕೇಳಬೇಡ. ಸಾಕ್ಸ್ ಎಲ್ಲಿ ಒಣಗಿಸುತ್ತಿದ್ದಿರಿ, ರಾತ್ರಿ ಪಾಳಿಯಲ್ಲಿ ನಿದ್ದೆ ಬಂದರೆ ಏನು ಮಾಡುತ್ತಿದ್ದಿರಿ ಅಂತ ಕೇಳು. ಹೇಳಬೇಕು ಅನ್ನಿಸಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ. ಇಲ್ಲದಿದ್ದರೆ ಸಾಕ್ಸ್ ಬಗ್ಗೆಯೇ ಬರಿ.

ಈ ಕಾಲದ ಕತೆ ಬೇಕು ಅನ್ನಿಸಿದರೆ ಅದೂ ಕಣ್ಣ ಮುಂದೆಯೇ ಇದೆ. ಕಾಲೇಜು ಮೈದಾನದಲ್ಲಿ ಬೆಳಗಿನ ಜಾವ 1600 ಮೀಟರ್ ಓಟಕ್ಕೆ ತಯಾರಿ ಮಾಡುವ ಹುಡುಗರನ್ನು ನೋಡು. ಹದಿನೇಳೂವರೆಗೆ ಸೇನೆಯಲ್ಲಿ ಅಗ್ನಿವೀರ ಆಗಬಹುದು, ತರಬೇತಿಯೂ ಸೇರಿ ನಾಲ್ಕೇ ವರ್ಷ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ, ಮಿಕ್ಕವರು ಇಪ್ಪತ್ತೆರಡಕ್ಕೆಲ್ಲಾ ವಾಪಸ್ ಊರಿನಲ್ಲಿ. ಆದರೆ ಮೊದಲು ಇದನ್ನು ಮುಗಿಸು.

ನಿನ್ನ ಪ್ರತಿ ಮೇಲೆ ಪೆನ್ಸಿಲ್ ಗುರುತು ಹಾಕಿ ಇದರ ಜೊತೆಗೇ ಕಳಿಸಿದ್ದೇನೆ. ಹುರಿಹಿಟ್ಟಿನ ಪುಟದಲ್ಲಿ ಏನೂ ಮುಟ್ಟಿಲ್ಲ, ನೀನೂ ಮುಟ್ಟಬೇಡ. 'ವೀರಪುತ್ರ' ಅನ್ನುವ ಹೆಸರು ಮಾತ್ರ ಬೇಡ, ಬೇರೆ ಇಡು. ತಂಗಿಯ ಪಾತ್ರಕ್ಕೆ ಹೆಸರನ್ನೇ ಕೊಟ್ಟಿಲ್ಲ, ಅವಳಿಗೂ ಒಂದು ಇಡು. ತಿದ್ದಿದ್ದನ್ನು ಟೈಪ್ ಮಾಡಿಸಬೇಡ, ನಿನ್ನ ಕೈಬರಹ ನನಗೆ ಓದಲು ಬರುತ್ತೆ.

ಇಂತಿ ನಿನ್ನ
ಮೇಷ್ಟ್ರು