ಟಪ್ಪಾಲು ಚೀಲಕ್ಕೆ ಕಾಯುತ್ತಿದ್ದ ಬಸ್ಸು

ಮಾನ್ಯರೇ,

ನನ್ನ ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಮ್ಮ ಮನೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಅಂಚಿನಲ್ಲಿದೆ. ಯಂತ್ರದ ಪಾಳಿ ಸಿಕ್ಕಿರುವುದು ಪಕ್ಕದ ಶಿವಮೊಗ್ಗ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 9ಕ್ಕೆ ಅಲ್ಲಿರಬೇಕು. ಊರಿನಿಂದ ತಾಳಗುಪ್ಪದವರೆಗೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ನಮ್ಮ ಬಸ್ಸು ತಾಳಗುಪ್ಪ ಮುಟ್ಟುವುದು 8.10ಕ್ಕೆ. ಮುಂದಿನದು ಹೊರಡುವುದು 8ಕ್ಕೆ. ಎರಡೂ ಸಮಯಕ್ಕೆ ಸರಿಯಾಗಿ ಓಡುತ್ತವೆ, ನಮ್ಮ ಕಷ್ಟವೇ ಅದು. ಒಂದು ದಿನವಾದರೂ ಆ ಬಸ್ಸು ತಡವಾಗಲಿ ಎಂದು ನಾನು ದೇವರಿಗೆ ತೆಂಗಿನಕಾಯಿ ಹೇಳಿಕೊಂಡದ್ದೂ ಉಂಟು.

ಅದು ತಪ್ಪಿದರೆ 8.50ಕ್ಕೆ ಖಾಸಗಿ ಬಸ್ಸು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಅದಕ್ಕೆ ಅನ್ವಯಿಸುವುದಿಲ್ಲ. ಮೊದಲ ಬಸ್ಸಿನಲ್ಲಿ ತೋರಿಸಿದ ಆಧಾರ್ ಕಾರ್ಡನ್ನು ಚೀಲಕ್ಕೆ ತುರುಕಿ ಅವಳು ದುಡ್ಡು ತೆಗೆಯುತ್ತಾಳೆ. ದುಡ್ಡಿನದು ಹಾಗಿರಲಿ. ತಡವಾಗಿ ಹೋದವರಿಗಾಗಿ ಯಂತ್ರ ಕಾಯುವುದಿಲ್ಲ, ಮುಂದಿನ ಪಾಳಿಯವರು ಬಾಗಿಲಲ್ಲೇ ಕುಳಿತಿರುತ್ತಾರೆ. ನಾಲ್ಕು ತಾಸು ಆಗಬೇಕಾದದ್ದು ಮೂರೂಕಾಲು ತಾಸಿಗೆ ಮುಗಿಯುತ್ತದೆ. ಉಳಿದ ಮುಕ್ಕಾಲು ತಾಸಿನ ಲೆಕ್ಕ ಮರುದಿನ ಅವಳ ಪಾದದ ಬಾವಿನಲ್ಲಿ ಕಾಣುತ್ತದೆ.

ಬಸ್ಸಿನ ವೇಳೆ ಬದಲಿಸಿ ಎಂದು ಜಿಲ್ಲೆಯ ಗಡಿಯ ಎರಡೂ ಕಡೆಯ ಸರ್ಕಾರಿ ಬಸ್ ಘಟಕಗಳಲ್ಲಿ ಕೇಳಿದ್ದೇನೆ. ಒಂದು ಕಡೆ ‘ಆ ಬಸ್ಸು ನಮ್ಮ ನಿಗಮದ್ದಲ್ಲ’ ಎಂದರು. ಇನ್ನೊಂದು ಕಡೆ ‘ನೀವು ಬರುವ ಬಸ್ಸು ನಮ್ಮದಲ್ಲ’ ಎಂದರು. ಇಬ್ಬರೂ ಸೌಜನ್ಯದಿಂದಲೇ ಮಾತನಾಡಿದರು, ಕುಡಿಯಲು ನೀರೂ ಕೊಟ್ಟರು.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವನು. ಆಗ ಟಪ್ಪಾಲು ಚೀಲ ಬಸ್ಸಿನಲ್ಲೇ ಹೋಗುತ್ತಿತ್ತು. ನಾನು ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಏರಿನಲ್ಲಿ ಏದುಸಿರು ಬಿಡುತ್ತಿದ್ದರೆ ಚಾಲಕರು ಎಂಜಿನ್ ಚಾಲೂ ಇಟ್ಟುಕೊಂಡು ಕಾಯುತ್ತಿದ್ದರು. ಚೀಲ ಏರಿ ಸಹಿ ಬೀಳುವವರೆಗೆ ಗಾಡಿ ಕದಲುತ್ತಿರಲಿಲ್ಲ. ಅದರಲ್ಲಿ ಹೆಚ್ಚಿನವು ಮದುವೆ ಕರೆಯೋಲೆಗಳು, ಸೊಸೈಟಿಯ ನೋಟಿಸುಗಳು.

ತುರ್ತಾದರೆ 108 ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ, ಮಗುವನ್ನು ಮನೆ ಮುಟ್ಟಿಸಲು ‘ನಗು-ಮಗು’ ವಾಹನವಿದೆ. ಡಯಾಲಿಸಿಸ್‌ಗೆ ಹೋಗುವವರಿಗೂ ಜೊತೆಗಾರರಿಗೂ ರೈಲಿನ ಟಿಕೆಟಿನಲ್ಲಿ ಶೇ 75ರಷ್ಟು ರಿಯಾಯಿತಿ ಇದೆ. ಚಿಕಿತ್ಸೆಗೆಂದು ಹೋಗುವ ಪ್ರಯಾಣವೇ ಬೇರೆ ಎಂಬುದು ಸರ್ಕಾರಕ್ಕೆ ತಿಳಿಯದ್ದೇನಲ್ಲ. ನಾನು ರಿಯಾಯಿತಿ ಕೇಳುತ್ತಿಲ್ಲ, ಹೊಸ ಬಸ್ಸನ್ನೂ ಕೇಳುತ್ತಿಲ್ಲ. ಈಗಿರುವ ಬಸ್ಸು ಒಂದು ಕಾಲು ಗಂಟೆ ನಿಲ್ಲಲಿ.

ಖಾಸಗಿ ಬಸ್ಸುಗಳ ವೇಳೆ ನಿಗದಿ ಮಾಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಆಯಾ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆರೋಗ್ಯ ಇಲಾಖೆಯ ಪರಿಶೀಲನಾ ಸಭೆಯೂ ಅವರೆದುರಿಗೇ ನಡೆಯುತ್ತದೆ. ಎರಡು ಜಿಲ್ಲೆಗಳ ಅಧಿಕಾರಿಗಳು ಒಂದು ಮಧ್ಯಾಹ್ನ ಎರಡೂ ಘಟಕಗಳ ವೇಳಾಪಟ್ಟಿಯನ್ನೂ ಆಸ್ಪತ್ರೆಯ ಪಾಳಿ ಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ನೋಡಲಿ. ಪಾಳಿ ಹಾಕುವಾಗ ಆಸ್ಪತ್ರೆಯವರೂ ‘ಯಾವ ಬಸ್ಸಿಗೆ ಬರುತ್ತೀರಿ?’ ಎಂದು ಒಂದು ಮಾತು ಕೇಳಲಿ. ಪೇಟೆಯಲ್ಲೇ ಮನೆ ಇರುವವರನ್ನು ಮೊದಲ ಪಾಳಿಗೆ ತೆಗೆದುಕೊಂಡರೆ ನಮ್ಮಂಥವರನ್ನು ಎರಡನೆಯದಕ್ಕೆ ಹಾಕಬಹುದು. ಆದರೆ ಆಗ ಸಂಜೆಯ ಕೊನೆಯ ಬಸ್ಸನ್ನೂ ನೋಡಿಕೊಳ್ಳಬೇಕು. ಡಯಾಲಿಸಿಸ್ ಮುಗಿಸಿದವರಿಗೆ ತಲೆ ಎತ್ತಿ ಕೂರುವ ತ್ರಾಣವೂ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಬಸ್ಸಿನ ನಿರ್ವಾಹಕರೊಬ್ಬರು ತಾವಾಗಿಯೇ ಮುಂದಿನ ಬಸ್ಸಿನವರಿಗೆ ಫೋನ್ ಮಾಡಿ, ‘ಮೂವರು ಪೇಷಂಟ್ ಇದ್ದಾರೆ, ಸ್ವಲ್ಪ ನಿಲ್ಲಿಸಿ’ ಎಂದು ಹೇಳುತ್ತಿದ್ದರು. ಆ ಬಸ್ಸು ನಿಲ್ಲುತ್ತಿತ್ತು. ಎರಡು ವಾರ ನನ್ನ ಹೆಂಡತಿಗೆ ಪೂರ್ತಿ ನಾಲ್ಕು ತಾಸು ಸಿಕ್ಕಿತು. ಈಗ ಅವರನ್ನು ಬೇರೆ ಮಾರ್ಗಕ್ಕೆ ಹಾಕಿದ್ದಾರೆ.

– ನಿವೃತ್ತ ಅಂಚೆ ನೌಕರ, ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ